ಗಾಜಿನ ಹೊಲಕ್ಕೆ ಚರಗ

ನಮ್ಮ ಓಣಿಯಲ್ಲಿ ಅದನ್ನು ಅಕ್ವೇರಿಯಂ ಎಂದು ಕರೆಯುವವರು ಜಮೀರ ಮತ್ತು ನಾನು ಇಬ್ಬರೇ. ಉಳಿದವರ ಬಾಯಲ್ಲಿ ಅದು ಮೀನಿನ ಪೆಟ್ಟಿಗೆ. ಹುಲಗಮ್ಮನಿಗೆ ಮಾತ್ರ ಅದು ಮೊದಲ ದಿನದಿಂದಲೂ ಹೊಲ.

“ಬುಡಕ ಮಣ್ಣೈತಿ, ಮ್ಯಾಲ ನೀರೈತಿ, ನಡುವ ಬೆಳಿ ನಿಂತೈತಿ. ಹೊಲ ಅಲ್ಲದ ಮತ್ತೇನ್ರಿ ಅಕ್ಕಾರ ಇದು?” ಎಂದು ಅವಳು ಕೇಳುತ್ತಿದ್ದಳು. ಗಂಗಾವತಿಯಲ್ಲಿ ನೀರು ನಿಂತ ಮಣ್ಣಿಗೆ ಗದ್ದೆ ಎನ್ನುತ್ತಾರೆ. ಆದರೆ ಹುಲಗಮ್ಮ ತಾವರಗೇರಾ ಕಡೆಯ ಒಣಭೂಮಿಯವಳು. ಅವಳ ಪಾಲಿಗೆ ಬೆಳೆ ನಿಂತದ್ದೆಲ್ಲ ಹೊಲವೇ.

ಆ ತೊಟ್ಟಿ ನನ್ನ ಮನೆಗೆ ಬಂದದ್ದು ಜಮೀರನಿಂದ. ಎದುರಿನ ಅವನ ಅಂಗಡಿಯಲ್ಲಿ ಮೊದಲು ಬಣ್ಣದ ಮೀನು ಮಾರುತ್ತಿದ್ದ. ಮೊಬೈಲ್ ರಿಪೇರಿ ಕೈಹಿಡಿದ ಮೇಲೆ ಮೀನಿನ ವ್ಯಾಪಾರ ಬಿಟ್ಟ. ಕೊನೆಗೆ ಉಳಿದ ದೊಡ್ಡ ತೊಟ್ಟಿಯನ್ನು ತಂದು ನನ್ನ ಪಡಸಾಲೆಯಲ್ಲಿ ಇಟ್ಟು, “ಅಮ್ಮಾರ, ನೀವು ಕಾಲೇಜಿನ್ಯಾಗ ಗಿಡಮರದ್ದ ಓದಿದಾಕಿ. ಇದರಾಗ ಗಿಡಾ ಬೆಳಸ್ರಿ, ಮೀನ ತಾವ ಬದುಕ್ತಾವ” ಎಂದ. ನಾವಿಬ್ಬರೂ ಸೇರಿ ತಳಕ್ಕೆ ಮಣ್ಣು ಹಾಕಿ, ಮೇಲೆ ಸಣ್ಣ ಹರಳು ಹರಡಿದೆವು. ಹಿಂದೆ ರಿಬ್ಬನ್ನಿನಂತೆ ಉದ್ದ ಎಲೆಯ ಹುಲ್ಲು, ಮುಂದೆ ‘ಕ್ರಿಪ್ಟೊ’ ಎಂದು ಜಮೀರ ಹೆಸರು ಹೇಳಿದ ಕಂದುಹಸಿರು ಗಿಡ, ಮೂಲೆಯ ಕಲ್ಲಿಗೆ ಮೆತ್ತನೆಯ ಪಾಚಿ. ಅವುಗಳ ನಡುವೆ ಗಪ್ಪಿಗಳು ಮತ್ತು ಕೆಂಪು ಗೆರೆಯ ಸಣ್ಣ ಟೆಟ್ರಾಗಳು. ಹಿತ್ತಲ ಕೋಣೆಯಲ್ಲಿ ಬಾಡಿಗೆಗಿರುವ ಹುಲಗಮ್ಮ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ. ಅವಳು ರೊಟ್ಟಿ ಬಡಿಯಲು ಕುಳಿತರೆ ಗೋಡೆಯೊಳಗಿಂದ ಬರುವ ಆ ಸದ್ದಿಗೆ ಮೀನುಗಳೆಲ್ಲ ಆಚೆ ಬದಿಯ ಗಾಜಿಗೆ ಬಂದು ನಿಲ್ಲುತ್ತಿದ್ದವು. “ನೋಡ್ರಿ, ನನ್ನ ಗಿರಾಕಿ ಬಂದ್ರು” ಎಂದು ಅವಳಿಗೆ ಹೆಮ್ಮೆ.

ನಾಗಪಂಚಮಿ ಮುಗಿದ ಮೇಲೆ ನಾನು ಯಲಬುರ್ಗಾಕ್ಕೆ ಹೊರಡಬೇಕಾಯಿತು. ತೀರಿಹೋದ ನನ್ನ ತಂಗಿಯ ಮಗಳು ಕವಿತಾ ಬಸುರಿ. ಹಿಂದೊಮ್ಮೆ ಅವಳಿಗೆ ಗರ್ಭ ನಿಂತಿರಲಿಲ್ಲ. ಈ ಸಲ ಡಾಕ್ಟರು ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದೆಂದಿದ್ದರು. ತನ್ನ ತಾಯಿ ಓಡಾಡಿದ ಮನೆಯಲ್ಲೇ ಬಾಣಂತನ ಆಗಬೇಕೆಂದು ಅವಳ ಮನಸ್ಸು. ಆ ಮನೆಯಲ್ಲಿ ಈಗ ಇರುವವನು ಅವಳ ತಂದೆ ವಿರುಪಾಕ್ಷಿ ಒಬ್ಬನೇ. ಚಹಾ ಕುದಿಸುವುದರ ಆಚೆಗೆ ಅಡುಗೆ ತಿಳಿಯದ ಒಳ್ಳೆಯ ಮನುಷ್ಯ. “ದೊಡ್ಡವ್ವಾ, ನೀ ಬರ್ತಿ ಇಲ್ಲೋ?” ಎಂದು ಕವಿತಾ ಫೋನಿನಲ್ಲಿ ಕೇಳಿದಾಗ ನಾನು ಆಗಲೇ ಚೀಲಕ್ಕೆ ಸೀರೆ ತುಂಬುತ್ತಿದ್ದೆ.

ಹೆರಿಗೆ, ಆಮೇಲಿನ ಬಾಣಂತನ ಎಲ್ಲ ಸೇರಿ ನಾಲ್ಕೈದು ತಿಂಗಳು. ಬಟ್ಟೆಬರೆ, ಪಾತ್ರೆಪಗಡಗಳಿಗೆ ಬೀಗ ಹಾಕಿ ಹೋಗಬಹುದು. ತೊಟ್ಟಿಗೆ ಹಾಗಲ್ಲವಲ್ಲ. ದೀಪ ತಾನಾಗಿ ಹತ್ತಿ ಆರುವಂತೆ ಜಮೀರ ಒಂದು ಟೈಮರ್ ಕೂಡಿಸಿದ. ಉಳಿದದ್ದನ್ನು ಹುಲಗಮ್ಮನಿಗೆ ತೋರಿಸಿಕೊಟ್ಟೆ. ಗಾಜು ಒರೆಸುವುದು, ಕೊಳೆತ ಎಲೆ ತೆಗೆಯುವುದು, ಆರಿದಷ್ಟು ನೀರು ತುಂಬುವುದು. ನಳದಲ್ಲಿ ಆಗತಾನೆ ಬಂದ ನೀರು ಬೇಡ, ಅದರಲ್ಲಿ ಬ್ಲೀಚಿಂಗ್ ಪೌಡರ್ ಇರುತ್ತದೆ, ಬಾಯಿ ತೆರೆದಿಟ್ಟು ಒಂದೆರಡು ದಿನ ನಿಂತ ನೀರನ್ನೇ ಹಾಕಬೇಕು ಎಂದೆ.

“ಊಟ?” ಎಂದು ಕೇಳಿದಳು. ಅವಳಿಗೆ ಮುಖ್ಯವಾದ ಪ್ರಶ್ನೆ ಅದೇ.

“ದಿನಾ ಬ್ಯಾಡ. ಒಂದಿನ ಬಿಟ್ಟು ಒಂದಿನ, ಈ ಡಬ್ಬ್ಯಾಗಿನ ಕಾಳು ಇಷ್ಟ ಚಿಟಿಕಿ. ಹೆಚ್ಚಾದ್ರ ಕೊಳತು ನೀರ ಕೆಡ್ತೈತಿ. ಮೀನಕ್ಕ ಬ್ಯಾರೆ ಏನೂ ಹಾಕಬ್ಯಾಡ ಮತ್ತ.”

“ಮನ್ಯಾಗಿನ ಜೀವಾ ಉಪಾಸ ಕೆಡವೂದು ನನಗ ಒಪ್ಪೂದಿಲ್ರಿ” ಎಂದು ಚಿಟಿಕೆಯನ್ನು ಅನುಮಾನದಿಂದ ನೋಡಿದಳು. “ಆದ್ರ ನಿಮ್ಮ ಮಾತು ಮೀರಂಗಿಲ್ಲ. ಮೀನಕ್ಕ ಬ್ಯಾರೆ ಏನೂ ಹಾಕಂಗಿಲ್ಲ, ಆತಿಲ್ಲೋ?”

ಆ ಮಾತನ್ನು ಅವಳು ಅಕ್ಷರಶಃ ಪಾಲಿಸಿದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಯಲಬುರ್ಗಾದಲ್ಲಿ ದಿನಗಳು ನಿಧಾನವಾಗಿ ಹೋಗುತ್ತಿದ್ದವು. ಮಲಗಿದಲ್ಲೇ ಇರುವ ಹುಡುಗಿಗೆ ಹೊತ್ತು ಹೋಗುವುದು ಕಷ್ಟ. ಅವಳ ಮಂಚದ ಬದಿಗೆ ಕೂತು ನಾನು ಸೊಪ್ಪು ಬಿಡಿಸುತ್ತಿದ್ದೆ, ಅವಳು ಸೂರಿನ ಗುಬ್ಬಿಗಳನ್ನು ನೋಡುತ್ತಿದ್ದಳು. ಹೆದರಿಕೆಯನ್ನು ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಸಂಜೆ ಹುಲಗಮ್ಮನ ವಿಡಿಯೋ ಕಾಲ್ ಬಂದರೆ ಮಾತ್ರ ಮನೆಗೆ ಗಾಳಿ ಬಂದಂತಾಗುತ್ತಿತ್ತು. ಅವಳು ಫೋನನ್ನು ಗಾಜಿಗೆ ಎಷ್ಟು ಹತ್ತಿರ ಹಿಡಿಯುತ್ತಿದ್ದಳೆಂದರೆ ಒಮ್ಮೊಮ್ಮೆ ಒಂದು ಮೀನಿನ ಕಣ್ಣು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಒಂದು ಸಂಜೆ ಅವಳು ದನಿ ತಗ್ಗಿಸಿ ಹೇಳಿದಳು: “ಕವಿತಾ, ಇಲ್ನೋಡವ್ವ. ನಿಮ್ಮ ದೊಡ್ಡವ್ವನ ಹೊಲದಾಗೂ ಒಬ್ಬಾಕಿ ಬಸುರಿ ಅದಾಳ.”

ಪರದೆಯ ಮೇಲೆ ಹೊಟ್ಟೆ ಉಬ್ಬಿದ ಒಂದು ಗಪ್ಪಿ, ಪಾಚಿಯ ಪಕ್ಕದಲ್ಲಿ ಭಾರವಾಗಿ ಈಜುತ್ತಿತ್ತು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಗಳನ್ನೇ ಹೆರುತ್ತದೆ. ಕವಿತಾ ಎಷ್ಟೋ ದಿನಗಳ ಮೇಲೆ ಬಾಯಿತುಂಬ ನಕ್ಕಳು.

“ನನಗಿಂತ ಆಕೀದ ಹೊಟ್ಟಿ ದೊಡ್ಡದೈತಿ ಹುಲಗವ್ವಾ. ಆದ್ರೂ ಓಡಾಡ್ತಾಳ ನೋಡು. ಆಕಿಗೆ ಡಾಕ್ಟರ್ ಏನೂ ಅಂದಿಲ್ಲೇನು?”

“ಆಕಿ ಡಾಕ್ಟರ್ ಜಮೀರಣ್ಣ. ಅಂವ ಮೊಬೈಲ್ ಬಿಚ್ಚೂದರಾಗ ಅದಾನ.”

ಅಂದಿನಿಂದ ಕವಿತಾ ದಿನವೂ “ನನ್ನ ಜೋಡಿ ಹ್ಯಾಂಗದಾಳ?” ಎಂದು ಕೇಳತೊಡಗಿದಳು. ಹುಲಗಮ್ಮ ದಿನವೂ ಆ ಮೀನನ್ನು ಹುಡುಕಿ ತೋರಿಸುತ್ತಿದ್ದಳು. ಇಬ್ಬರೂ ಕೂಡಿ ಆ ಸಣ್ಣ ಮೀನಿಗೆ ಏನೋ ಒಂದನ್ನು ಕಟ್ಟಿಹಾಕುತ್ತಿದ್ದಾರೆ ಅನ್ನಿಸಿ ನನಗೆ ಒಳಗೊಳಗೆ ಅಳುಕು. ಆದರೆ ಆ ನಗುವನ್ನು ಬೇಡವೆನ್ನಲು ಮನಸ್ಸು ಬರಲಿಲ್ಲ.

ಶೀಗಿ ಹುಣ್ಣಿಮೆ ಬಂತು. ಬೆಳೆ ತುಂಬಿನಿಂತ ಭೂಮಿತಾಯಿ ಬಸುರಿ ಎಂದು ನಮ್ಮ ಕಡೆ ಆ ದಿನ ಅವಳಿಗೆ ಬಯಕೆಯ ಊಟ ಕೊಡುತ್ತಾರೆ. ಸಜ್ಜೆಯ ಕಡಬು, ಪುಂಡಿಪಲ್ಲೆ, ಮೊಸರನ್ನ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಬೆಳೆಯ ಮೇಲೆ ಊಟವನ್ನು ಎರಚುತ್ತಾರೆ. ಅದೇ ಚರಗ. ವಿರುಪಾಕ್ಷಿಯ ಹೊಲಕ್ಕೆ ನಾವು ಹೋಗುವಂತಿರಲಿಲ್ಲ. ಅವನೇ ಹೋಗಿ ಚರಗ ಚೆಲ್ಲಿ ಬಂದು, ಕವಿತಾಳ ಕೈಗೆ ಒಂದು ಕಡಬು ಕೊಟ್ಟ. ಆ ಸಂಜೆ ಹುಲಗಮ್ಮನ ಕಾಲ್ ಬರಲಿಲ್ಲ. ಹಬ್ಬಕ್ಕೆ ತನ್ನೂರಿಗೆ ಹೋಗಿರಬೇಕು ಎಂದುಕೊಂಡೆ. ವರ್ಷವೂ ಅವಳು ತಪ್ಪದೆ ಶೀಗಿ ಹುಣ್ಣಿಮೆಗೆ ಅಣ್ಣಂದಿರ ಹೊಲಕ್ಕೆ ಹೋಗುವವಳು.

ಮರುದಿನವೂ ಬರಲಿಲ್ಲ. ಅದರ ಮರುದಿನ ಮಧ್ಯಾಹ್ನ ಜಮೀರ ಫೋನ್ ಮಾಡಿದ.

“ಅಮ್ಮಾರ, ಬಾಜೂಕ ಕವಿತಾಬಾಯಿ ಅದಾರೇನ್ರಿ? ಇದ್ರ ಸ್ವಲ್ಪ ಹೊರಗ ಬರ್ರಿ.”

ನಾನು ಅಂಗಳದ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಅವನು ಫೋನನ್ನು ತೊಟ್ಟಿಯ ಕಡೆ ತಿರುಗಿಸಿದ. ಗಾಜಿನೊಳಗೆ ನೀರಿರಲಿಲ್ಲ, ಮಜ್ಜಿಗೆ ಇದ್ದಂತಿತ್ತು. ಗಿಡಗಳ ನೆರಳು ಮಾತ್ರ ಮಸುಕಾಗಿ ಕಾಣುತ್ತಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ಗುಟುಕರಿಸುತ್ತಿದ್ದವು.

“ಏನ ಬಿತ್ತೋ ಜಮೀರ ಇದರಾಗ?”

“ಚರಗ ಬಿದ್ದೈತ್ರಿ.”

ಹುಲಗಮ್ಮ ಈ ಸಲ ಊರಿಗೆ ಹೋಗಿರಲಿಲ್ಲ. ಅಣ್ಣಂದಿರು ಫೋನ್ ಮೇಲೆ ಫೋನ್ ಮಾಡಿದರೂ, ಅಕ್ಕಾರು ನನ್ನ ನಂಬಿ ಮನಿ ಬಿಟ್ಟು ಹೋಗ್ಯಾರ ಎಂದು ಉಳಿದಿದ್ದಳು. ಉಳಿದವಳಿಗೆ ಚರಗ ಕೊಡದೆ ಹಬ್ಬ ಕಳೆಯಲು ಮನಸ್ಸಾಗಲಿಲ್ಲ. ಅವಳ ಕಣ್ಣೆದುರಿಗೆ ಇದ್ದದ್ದು ಇದೊಂದೇ ಹೊಲ. ತೊಟ್ಟಿಯ ಮುಂದೆ ಐದು ಕಲ್ಲಿಟ್ಟು ಪೂಜೆ ಮಾಡಿದಳು. ಮೀನಿಗೆ ಏನೂ ಹಾಕಬೇಡ ಎಂದಿದ್ದೆನಲ್ಲ, ಅದಕ್ಕೇ ನೀರಿನ ಮೇಲೆ ಎರಚಲಿಲ್ಲ. ಮೊಣಕೈ ತನಕ ಕೈ ಇಳಿಸಿ, ಹರಳು ಸರಿಸಿ, ಒಂದೊಂದು ಗಿಡದ ಬುಡಕ್ಕೂ ಕಡಬಿನ ಚೂರು, ಮೊಸರನ್ನ ಇಟ್ಟು ಮೇಲೆ ಹರಳು ಮುಚ್ಚಿದ್ದಳು.

ನನಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. “ಆಕಿಗೆ ಕೊಡು ಫೋನ್” ಎಂದೆ.

“ಬರವಲ್ಲಳ್ರಿ. ಹಿತ್ತಲದಾಗ ಕುಂತಾಳ. ನಿಮಗ ಹೇಳಬ್ಯಾಡ ಅಂತ ನನ್ನ ಕೈ ಹಿಡಕೊಂಡಿದ್ಲು. ಹೊಳ್ಳಿ ಹೊಳ್ಳಿ ಅದನ್ನ ಅಂತಾಳ, ಕವಿತಾ ಕಿವಿಗೆ ಬೀಳಬಾರ್ದು ಅಂತ.”

“ಕೊಡೋ ಆಕಿಗೆ.”

ಸ್ವಲ್ಪ ಹೊತ್ತು ಕಾಲ್ಸಪ್ಪಳ, ಪಿಸುಮಾತು. ಆಮೇಲೆ ಹುಲಗಮ್ಮನ ಸೆರಗು ಮುಚ್ಚಿದ ಮುಖ.

“ಮೀನಕ್ಕ ಹಾಕಿಲ್ರಿ ಅಕ್ಕಾರ, ನಿಮ್ಮ ಆಣಿ. ಮಣ್ಣಿಗೆ ಹಾಕೀನಿ.”

“ಗೊತ್ತಾತು ಬಿಡು.”

“ಭೂಮ್ತಾಯಿಗೆ ಬಯಕಿ ಊಟ ಹಾಕಿದ್ನಿ. ಆಕಿ ಉಣಲಿಲ್ಲ, ಉಗುಳಿದ್ಲು.” ಅವಳ ದನಿ ಒಡೆಯಿತು. “ಆ ಬಸುರಿ ಮೀನ ಕಾಣವಲ್ದು. ಅಲ್ಲಿ ನಮ್ಮ ಹುಡುಗಿ ಹೊಟ್ಟ್ಯಾಗ ಕೂಸೈತಿ. ನನ್ನ ಕೈಲೆ ಎಂಥಾ ಅಪಶಕುನ ಆತ್ರಿ?”

ಆಗ ನನಗೆ ಅರ್ಥವಾಯಿತು. ಅವಳು ತೊಟ್ಟಿಗಾಗಿ ಅಳುತ್ತಿರಲಿಲ್ಲ. ಆ ಮೀನು ಸತ್ತರೆ ತನ್ನ ಕೈಯಿಂದ ಕವಿತಾಳ ಕೂಸಿಗೆ ಕೇಡಾಗುತ್ತದೆ ಎಂದು ನಂಬಿ ಎರಡು ದಿನದಿಂದ ಒಬ್ಬಳೇ ಆ ಭಾರ ಹೊತ್ತಿದ್ದಳು. ಹಾಗೇನೂ ಇಲ್ಲ ಎಂದು ನಾನು ಬುದ್ಧಿ ಹೇಳಬಹುದಿತ್ತು, ಹೇಳಿದೆ ಕೂಡ. ಆದರೆ ಅಂಥ ಹೆದರಿಕೆ ಮಾತಿಗೆ ಬಗ್ಗುವುದಿಲ್ಲ. ನೀರು ತಿಳಿಯಾಗಬೇಕು, ಮೀನು ಉಳಿಯಬೇಕು, ಅಷ್ಟೇ.

ಜಮೀರನಿಗೆ ಹೇಳಿದೆ: ಪೈಪಿನಿಂದ ತಳದ ಕೊಳೆಯನ್ನೆಲ್ಲ ಎಳೆದು ಅರ್ಧಕ್ಕಿಂತ ಹೆಚ್ಚು ನೀರು ಹೊರಗೆ ಹಾಕು, ನಿಂತ ನೀರು ತುಂಬು, ಗಾಳಿಯ ಮೋಟರು ಎರಡು ಹಚ್ಚು. ಸಂಜೆ ಮತ್ತೊಮ್ಮೆ ಹೀಗೇ, ನಾಳೆಯೂ ಹೀಗೇ.

“ಪೈಪ್ ನನ್ನ ಕಡೆ ಐತ್ರಿ. ನೀರ ಎಲ್ಲಿಂದ ತರ್ಲಿ?” ಎಂದ. ಓಣಿಯ ಪೈಪು ಒಡೆದು ನಳದ ಪಾಳಿ ತಪ್ಪಿತ್ತು. ನಾಳೆಯೋ ನಾಡಿದ್ದೋ ಬರುತ್ತದೆ ಎನ್ನುತ್ತಿದ್ದರಂತೆ. ನನ್ನ ಮನೆಯ ನೀರಿನ ಟಾಕಿಯ ತಳದಲ್ಲಿ ರಾಡಿ ಮಾತ್ರ ಉಳಿದಿತ್ತು. ಬೋರಿನ ನೀರು ಸವಳು, ಬರೀ ಉಪ್ಪು. ನಳ ಬಂದರೂ ಆ ಹೊಸ ನೀರಿನಲ್ಲಿ ಬ್ಲೀಚಿಂಗ್ ಪೌಡರ್. ಬೇಕಾದದ್ದು ನಿಂತ ನೀರು. ಅದು ಇದ್ದದ್ದು ಓಣಿಯ ಮನೆಗಳ ಹಂಡೆ, ಕೊಡಗಳ ತಳದಲ್ಲಿ, ಅವರವರು ಕುಡಿಯಲು ಎಣಿಸಿ ಉಳಿಸಿಕೊಂಡದ್ದು.

ಅದನ್ನು ಮೀನಿಗೆ ಕೇಳುವುದು ಹೇಗೆ? “ಇರ್ಲಿ ಬಿಡು ಜಮೀರ. ಆದಷ್ಟು ಮಾಡು” ಎಂದು ಫೋನಿಟ್ಟೆ. ಒಳಗೆ ಹೋದರೆ ಕವಿತಾ ಕೇಳಿದಳು, “ಯಾರ್ದು ದೊಡ್ಡವ್ವಾ?”

“ಜಮೀರಂದು. ಟೈಮರ್ ಕೆಟ್ಟೈತಂತ.”

ಅವಳು ನನ್ನ ಮುಖ ನೋಡಿದಳು. “ಆ ಸೊಪ್ಪು ಇತ್ತ ಕೊಡು, ಕುಂತಲ್ಲೇ ಬಿಡಸ್ತೀನಿ” ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಜಮೀರನಿಂದ ಒಂದು ಫೋಟೋ ಬಂತು. ನನ್ನ ಮನೆಯ ಕಟ್ಟೆಯ ಮೇಲೆ ಕೊಡಗಳು ಸಾಲಾಗಿ ನಿಂತಿದ್ದವು. ಹಿತ್ತಾಳೆಯ ಕೊಡ, ಹಸಿರು ಪ್ಲಾಸ್ಟಿಕ್ ಕೊಡ, ಮುಚ್ಚಳ ಕಳೆದ ಒಂದು ಸ್ಟೀಲ್ ಡಬ್ಬಿ, ಕಂಠಕ್ಕೆ ಹಗ್ಗ ಕಟ್ಟಿದ ಮಣ್ಣಿನ ಗಡಿಗೆ. ಕೆಳಗೆ ಅವನ ಸಂದೇಶ: ‘ಪೂರಾ ಓಣಿ.’

ನಾನು ಅಂಗಳಕ್ಕೆ ಹೋಗಿ ಫೋನ್ ಹಚ್ಚಿದೆ. ಅವನ ಬೆನ್ನ ಹಿಂದೆ ಗದ್ದಲ. ಎಲ್ಲರಿಗಿಂತ ಮೇಲೆ ಎದುರುಮನೆಯ ಪಾರಮ್ಮನ ದನಿ. ನನ್ನ ವಾರಿಗೆಯವಳು, ಬಾಯಿ ಬಲು ಹರಿತ.

“ಹೇಮಕ್ಕಾ, ಕೇಳಸ್ತೈತೇನು? ನಿನ್ನ ಮೀನಕ್ಕ ಜಳಕಾ ಮಾಡಸಾಕ ನನ್ನ ಕುಡಿಯೂ ನೀರ ಬೇಕಾತೇನು? ನಾಕ ದಿನದಿಂದ ನಾ ಜಳಕಾ ಮಾಡಿಲ್ಲ, ಯಾರರ ಕೇಳಿದ್ರೇನು?”

“ಬ್ಯಾಡ ಪಾರಮ್ಮಾ, ನಿನ್ನ ಕೊಡಾ ವಾಪಸ್ ಒಯ್ಯು. ಮನ್ಯಾಗ ಮಂದಿ ಅದಾರ.”

“ಒಯ್ಯಾಕ ತಂದೀನೇನು? ಹುಲಗಮ್ಮ ಬಾಗ್ಲಾಗ ನಿಂತು ಬಾಯಿ ಬಿಡವಲ್ಲಳು, ಬರೇ ಕಣ್ಣಾಗ ನೀರ ತಗೀತಾಳ. ಆ ನೀರ ಉಪ್ಪು, ಮೀನಕ್ಕ ಬರಂಗಿಲ್ಲ ಅಂದ್ನಿ, ನನ್ನ ಕೊಡಾ ತಂದಿಟ್ನಿ.”

ಆಮೇಲೆ ತಿಳಿಯಿತು, ಜಮೀರ ಯಾರನ್ನೂ ಬೇಡಿರಲಿಲ್ಲ. ತನ್ನ ಮನೆಗೆ ಹೋಗಿ ಒಂದು ಕೊಡ ತಂದು ನನ್ನ ಕಟ್ಟೆಯ ಮೇಲಿಟ್ಟಿದ್ದ. ಪಾರಮ್ಮ ಏನಿದು ಎಂದಳು, ಅವನು ಹೇಳಿದ, ಅಷ್ಟೇ. ಕವಿತಾಳ ಬಸುರಿನ ಸುದ್ದಿ ಓಣಿಗೆಲ್ಲ ಗೊತ್ತಿತ್ತು. ಹುಲಗಮ್ಮನ ಹೆದರಿಕೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ಸಂಜೆ ಓಣಿಯ ಎಷ್ಟೋ ಮನೆಗಳಲ್ಲಿ ಅನ್ನಕ್ಕಿಡುವ ಎಸರನ್ನೂ ಅಳೆದು ಇಟ್ಟಿರಬೇಕು. ಯಾರೂ ಅದನ್ನು ನನಗೆ ಹೇಳಲಿಲ್ಲ. ಕೆಲವರ ಹೆಸರು ನನಗೆ ಈಗಲೂ ತಿಳಿದಿಲ್ಲ. ಆ ಮಣ್ಣಿನ ಗಡಿಗೆ ಯಾರದೆಂದು ಕೇಳಿದರೆ ಎಲ್ಲರೂ ನಮ್ಮದಲ್ಲ ಎನ್ನುತ್ತಾರೆ.

ಜಮೀರ ಅಂಗಡಿಯ ಬಾಗಿಲು ಎಳೆದು ಪೈಪು ಹಿಡಿದು ಕೂತ. ಗಿಡದ ಬುಡದಲ್ಲಿ ಹುದುಗಿದ್ದ ಕಡಬಿನ ಚೂರುಗಳನ್ನು ಮೊಬೈಲ್ ಬಿಚ್ಚುವ ತನ್ನ ಉದ್ದ ಚಿಮಟದಿಂದ ಒಂದೊಂದಾಗಿ ಹೆಕ್ಕಿದ. ಹುಲಗಮ್ಮ ಎಲ್ಲೆಲ್ಲಿ ಇಟ್ಟಿದ್ದಳೋ ಆ ಜಾಗವನ್ನು ಬೆರಳಿನಿಂದ ತೋರಿಸುತ್ತಿದ್ದಳಂತೆ. “ಇಲ್ಲೂ ಇಟ್ಟೀಯೇನು ಬೆಹನ್?” ಎಂದು ಅವನು ಕೇಳಿದರೆ, “ಸಣ್ಣ ಗಿಡಾ ಅಂತ ಬಿಡಾಕ ಬರ್ತೈತೇನು?” ಎಂದು ಅಳುತ್ತಲೇ ಜಗಳಕ್ಕೆ ನಿಂತಳಂತೆ. ಹಾಗೆ ಜಗಳವಾಡಿದಳು ಎಂದು ಕೇಳಿದ ಮೇಲೆ ನನಗೆ ಅರ್ಧ ಸಮಾಧಾನವಾಯಿತು.

ಮರುದಿನ ನೀರು ಇನ್ನೂ ಮಸುಕು. ಎರಡು ಟೆಟ್ರಾ ಸತ್ತು ತೇಲಿದ್ದವು. ಬಸುರಿ ಗಪ್ಪಿಯ ಸುಳಿವಿಲ್ಲ. ಹುಲಗಮ್ಮ ಖಾನಾವಳಿಯ ರೊಟ್ಟಿ ಬೇರೆಯವರಿಗೆ ಒಪ್ಪಿಸಿ ತೊಟ್ಟಿಯ ಮುಂದೆಯೇ ಕೂತಿದ್ದಳು. ನಾನು ಯಲಬುರ್ಗಾದಲ್ಲಿ ಕವಿತಾಳ ಕಾಲು ಒತ್ತುತ್ತ, ಸುಳ್ಳಿನ ಮೇಲೆ ಸುಳ್ಳು ಹೇಳುತ್ತಿದ್ದೆ. ನೆಟ್ ಇಲ್ಲವಂತೆ, ಹುಲಗಮ್ಮನಿಗೆ ನೆಗಡಿಯಂತೆ.

ಮೂರನೆಯ ಬೆಳಿಗ್ಗೆ ಚಹಾ ಹೊತ್ತಿಗೆ ವಿಡಿಯೋ ಕಾಲ್ ಬಂತು. ಈ ಸಲ ಹುಲಗಮ್ಮನೇ. ನಾನು ಹೊರಗೆ ಓಡುವಷ್ಟರಲ್ಲಿ ಅವಳ ದನಿ ಮನೆಯೆಲ್ಲ ತುಂಬಿತು.

“ಅಕ್ಕಾರ! ಹಡದಾಳ್ರಿ!”

ನೀರು ತಿಳಿಯಾಗಿತ್ತು. ಗಪ್ಪಿ ಕಲ್ಲಿನ ಹಿಂದೆ, ಬತ್ತಿದ ಹೊಟ್ಟೆಯೊಡನೆ, ದಣಿದು ನಿಂತಿತ್ತು. ಪಾಚಿಯ ಎಳೆಗಳ ನಡುವೆ ಕಣ್ಣಿಟ್ಟು ನೋಡಿದರೆ ಜೀರಿಗೆ ಕಾಳಿನಷ್ಟು ಮರಿಗಳು. ಒಂದು ಕಂಡಿತು ಎನ್ನುವಷ್ಟರಲ್ಲಿ ಇನ್ನೊಂದು.

ಕವಿತಾ ದಿಂಬಿಗೆ ಒರಗಿ ಕೈ ಚಾಚಿ ಫೋನ್ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

“ಹುಲಗವ್ವಾ, ಇನ್ನರ ನಿನ್ನ ನೆಗಡಿ ಕಡಿಮ್ಯಾತೇನು?”

ಹುಲಗಮ್ಮ ಪಿಳಿಪಿಳಿ ಕಣ್ಣು ಬಿಟ್ಟಳು. ಕವಿತಾ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, “ದೊಡ್ಡವ್ವಾ, ನಿಮ್ಮ ಪಾರಮ್ಮ ಅವತ್ತ ಅಪ್ಪಗ ಫೋನ್ ಮಾಡಿ ಎಲ್ಲಾ ಹೇಳಿದ್ಲು. ಅಪ್ಪ ನನ್ನ ಮುಂದ ಹೇಳ್ಯಾನ. ನೀವು ಮುಚ್ಚಿಡಾಕ ಇಷ್ಟ ಕಷ್ಟಾ ಬೀಳಾಕತ್ತಿದ್ರಿ, ನಾ ಯಾಕ ಕೆಡಸ್ಲಿ ಅಂತ ಸುಮ್ಮಕಿದ್ನಿ.”

ನಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಮೂರು ದಿನ ಅವಳೇ ನನ್ನನ್ನು ಕಾದಿದ್ದಳು.

ಎಂಟು ದಿನಕ್ಕೆ ಕೊಪ್ಪಳದ ಆಸ್ಪತ್ರೆಯಲ್ಲಿ ಕವಿತಾಳಿಗೆ ಹೆಣ್ಣುಮಗು ಹುಟ್ಟಿತು. ತಾಯಿ, ಕೂಸು ಇಬ್ಬರೂ ಛಲೋ. ನಾನು ಮೊದಲು ಫೋನ್ ಮಾಡಿದ್ದು ಹುಲಗಮ್ಮನಿಗೆ. ಅತ್ತಲಿಂದ ಪಾತ್ರೆ ಬಿದ್ದ ಸದ್ದು, ಪಾರಮ್ಮನ “ಏನಾತು?” ಎಂಬ ಕೂಗು. ಓಣಿಗೆ ಸುದ್ದಿ ತಲುಪಿತು.

ಅಲ್ಲಿಗೆ ಅವಳ ಮನಸ್ಸು ಹಗುರಾಗಬೇಕಿತ್ತು. ಆದರೆ ಒಂದು ಮುಳ್ಳು ಉಳಿದಿತ್ತು. ಮೀನು ಉಳಿದವು, ಮುಂದಿನ ಸಾಲಿನ ಕ್ರಿಪ್ಟೊ ಗಿಡಗಳು ಮಾತ್ರ ಒಂದೊಂದಾಗಿ ಕರಗತೊಡಗಿದವು. ಎಲೆಗಳು ತೂತುಬಿದ್ದು, ಲೋಳೆಯಾಗಿ ಕಳಚಿ ಬಿದ್ದವು. ನೀರು ಒಮ್ಮೆಲೇ ಬದಲಾದರೆ ಆ ಗಿಡ ಹಾಗೇ ಮಾಡುತ್ತದೆ. ಎಲೆಯನ್ನೆಲ್ಲ ಬಿಟ್ಟುಕೊಟ್ಟು ಬೇರನ್ನು ಹಿಡಿದುಕೊಂಡು ಕೂರುತ್ತದೆ. “ಕೀಳಬ್ಯಾಡ, ಬೇರ ಜೀವಂತ ಐತಿ, ತಡಿ” ಎಂದೆ. “ಹೂಂ” ಎಂದಳು. ಆ ಹೂಂನಲ್ಲಿ ನಂಬಿಕೆಯಿರಲಿಲ್ಲ. ಭೂಮಿತಾಯಿ ತನ್ನ ಕೈಯೂಟ ಉಣ್ಣಲಿಲ್ಲ ಎಂಬುದು ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಆಮೇಲಿನ ಕಾಲ್‌ಗಳಲ್ಲಿ ಅವಳು ಮರಿಗಳನ್ನು ತೋರಿಸುತ್ತಿದ್ದಳು, ಮುಂದಿನ ಬೋಳು ಸಾಲನ್ನು ಕೈಯಿಂದ ಮರೆಮಾಡುತ್ತಿದ್ದಳು.

ಎಳ್ಳಮಾವಾಸ್ಯೆಯ ಹಿಂದಿನ ದಿನ ನಾನು ಗಂಗಾವತಿಗೆ ಮರಳಿದೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಅಕ್ಕಿ ಗಿರಣಿಗಳ ತೌಡಿನ ವಾಸನೆ ಮೂಗಿಗೆ ಬಡಿದಾಗಲೇ ಮನೆಗೆ ಬಂದಂತಾಯಿತು. ಜಮೀರ ಅಂಗಡಿಯಿಂದ ಇಳಿದು ಬಂದು ಚೀಲ ಕಸಿದುಕೊಂಡ. ಪಾರಮ್ಮ ಬಾಗಿಲಲ್ಲೇ ನಿಂತು, “ಬಂದ್ಯಾ? ಈಗರ ಜಳಕಾ ಮಾಡ್ಲೇನು?” ಎಂದಳು.

ಹುಲಗಮ್ಮ ಬೀಗ ತೆಗೆದು ನನ್ನ ಹಿಂದೆ ನಿಂತಳು. ಹೊಸ್ತಿಲ ಪೂಜೆ ಆಗಿತ್ತು, ನೆಲ ಒರೆಸಿತ್ತು, ನೀರಿನ ಗಡಿಗೆ ತುಂಬಿತ್ತು. ನಾನು ತೊಟ್ಟಿಯ ಮುಂದೆ ಬಗ್ಗಿದೆ. ಕನ್ನಡಕ ಏರಿಸಿ ನೋಡಿದೆ.

ಬೋಳಾಗಿದ್ದ ಸಾಲಿನಲ್ಲಿ ಹೊಸ ಎಲೆಗಳು ಎದ್ದಿದ್ದವು. ಒಂದೆರಡಲ್ಲ, ಗಿಡಕ್ಕೆ ಗಿಡವೇ ಒತ್ತಾಗಿ. ಮೊದಲಿದ್ದುದಕ್ಕಿಂತ ಅಗಲವಾದ, ಕೆಂಪು ಬೆರೆತ ಎಲೆಗಳು. ಜಮೀರನ ಚಿಮಟಕ್ಕೆ ಸಿಗದೆ ಮಣ್ಣಿನಲ್ಲಿ ಉಳಿದ ಅನ್ನ ಈ ಎರಡೂವರೆ ತಿಂಗಳಲ್ಲಿ ಕೊಳೆತು ಗೊಬ್ಬರವಾಗಿತ್ತು. ಅವಳು ಕೈಯೂರಿದ ಜಾಗದಲ್ಲೆಲ್ಲ ಗಿಡ ದಟ್ಟವಾಗಿತ್ತು. ಹಿಂದಿನ ಸಾಲಿನ ಹುಲ್ಲು ಇದ್ದಷ್ಟೇ ಇತ್ತು.

“ಹುಲಗಮ್ಮಾ, ಇಲ್ಲಿ ಬಾ. ಚರಗ ಎಲ್ಲೆಲ್ಲಿ ಇಟ್ಟಿದ್ದಿ, ತೋರ್ಸು.”

“ಯಾಕ್ರಿ ಅಕ್ಕಾರ, ಮುಗದ ಮಾತು.”

“ತೋರ್ಸು ಅಂದ್ನಿ.”

ಅವಳು ಗಾಜಿನ ಮೇಲೆ ಬೆರಳಿಟ್ಟಳು. ಇಲ್ಲಿ. ಇಲ್ಲಿ. ಈ ಸಣ್ಣದಕ್ಕ. ಬೆರಳು ಹೋದಲ್ಲೆಲ್ಲ ಕೆಂಪುಹಸಿರು ಎಲೆ. ನಡುವೆ ಬೆರಳು ನಿಂತಿತು. ಮತ್ತೆ ಮೊದಲಿನಿಂದ ನೋಡಿಕೊಂಡು ಬಂದಳು. ಸೆರಗಿನಿಂದ ಗಾಜಿನ ಮೇಲಿನ ತನ್ನ ಬೆರಳಚ್ಚು ಒರೆಸುತ್ತ ಅವಳೇ ಅಂದಳು:

“ಉಂಡಾಳ್ರಿ.”

ಆಮೇಲೆ, ಜಮೀರ ಚಹಾ ತಂದಾಗ, ಅವನಿಗೂ ಹೇಳಿದಳು. “ಬಸುರಿ ಹೆಂಗಸು, ಹೊಟ್ಟಿ ತೊಳಸಿ ವಾಂತಿ ಮಾಡಿಕೊಂಡಿದ್ಲು. ಆಮ್ಯಾಲ ಉಂಡಾಳ.”

ಮರುದಿನ ಎಳ್ಳಮಾವಾಸ್ಯೆ. ಅದಕ್ಕೂ ಚರಗವಿದೆ. ಹುಲಗಮ್ಮ ಬೆಳಗಿನ ಜಾವಕ್ಕೇ ಎದ್ದು ಸಜ್ಜೆ ರೊಟ್ಟಿ, ಎಳ್ಳಿನ ಹೋಳಿಗೆ, ಬದನೆಕಾಯಿ ಪಲ್ಯ ಮಾಡಿದ್ದಳು. ಈ ಸಲ ನಿನ್ನೂರಿನ ಹೊಲ ತಪ್ಪಿಸಬಾರದು, ನಾನೂ ಬರುತ್ತೇನೆ ಎಂದು ಹಿಂದಿನ ದಿನವೇ ಹೇಳಿದ್ದೆ. ಅವಳು ಸ್ನಾನ ಮುಗಿಸಿ, ತಟ್ಟೆ ಹಿಡಿದು ತೊಟ್ಟಿಯ ಮುಂದೆ ಬಂದಳು. ತಡೆಯಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಒಂದು ಮೊಳ ದೂರದಲ್ಲೇ ನಿಂತು, ತಟ್ಟೆಯನ್ನು ಗಾಜಿನ ಎತ್ತರಕ್ಕೆ ಹಿಡಿದಳು.

“ಇಗಾ ತಾಯಿ, ನೋಡ್ಕೊ. ರೊಟ್ಟಿ, ಹೋಳಿಗಿ, ಪಲ್ಲೆ. ನೀ ಕಣ್ಣಿಲೆ ಉಣ್ಣು ಸಾಕು.”

ಮೀನುಗಳೆಲ್ಲ ಮುಂದೆ ಬಂದು ತಟ್ಟೆಯನ್ನೇ ನೋಡಿದವು.

ಬೀಗದ ಕೈಯನ್ನು ಪಾರಮ್ಮನಿಗೆ ಕೊಡಲು ಹೋದೆ. ಕವಿತಾ ಕಳಿಸಿದ್ದ ಅಂಟಿನುಂಡೆ ಕೈಗಿಟ್ಟು, ಆ ದಿನದ ನೀರಿಗೆ ಏನು ಹೇಳಬೇಕೆಂದು ತಿಳಿಯದೆ ನಿಂತೆ. ಅವಳು ಉಂಡೆ ಬಾಯಿಗೆ ಹಾಕಿಕೊಂಡು, “ಅಂಟು ಕಮ್ಮಿ ಬಿದ್ದೈತಿ” ಎಂದು ನನ್ನನ್ನು ಆ ಕಷ್ಟದಿಂದ ಪಾರುಮಾಡಿದಳು.

ಬಸ್ಸು ಕನಕಗಿರಿ ದಾಟಿರಲಿಲ್ಲ, ಗದ್ದೆಗಳು ಹಿಂದೆ ಸರಿದು ಕಡಲೆ, ಬಿಳಿಜೋಳದ ಹೊಲಗಳು ಶುರುವಾಗಿದ್ದವು. ಫೋನ್ ಬಂತು. ಪರದೆಯ ತುಂಬ ಪಾರಮ್ಮನ ಮೂಗು, ಅದರ ಹಿಂದೆ ಹಸಿರು.

“ಹೇಮಕ್ಕಾ, ಇವು ಬಾಯಿ ತೆರಕೊಂಡು ನನ್ನ ಮಾರಿನ ನೋಡಾಕ ಹತ್ಯಾವ. ಅಮಾಸಿ ದಿನ ಕರಳ ಚುರಕ್ ಅಂತೈತಿ ನನಗ. ಹೋಳಿಗ್ಯಾಗಿಂದ ಒಂದ ಚೂರ ಹಾಕ್ಲೇನು?”

ನಾನು ಬಾಯಿ ತೆರೆಯುವ ಮೊದಲೇ ಹುಲಗಮ್ಮ ಫೋನ್ ಕಸಿದುಕೊಂಡು, ಇಡೀ ಬಸ್ಸು ತಿರುಗಿ ನೋಡುವಂತೆ ಕೂಗಿದಳು:

“ಪಾರಮ್ಮಕ್ಕಾ, ಕೈ ಹಿಂದಕ ತಗೀರಿ! ಬರೇ ತೋರಸ್ರಿ, ತೋರಸ್ರಿ ಸಾಕು!”